ಮಾರಿಯೊ ಕಲಿಸಿದ ಆಕ್ಸೆಂಟು ಪಾಠ

ಕಳೆದ ವರ್ಷದ ಸ್ಕಿಟ್‌ನಲ್ಲಿ ನಾವು ಧಾರವಾಡದ ಮಾತನ್ನು ಅನುಕರಿಸಿ ಎಲ್ಲರನ್ನೂ ನಗಿಸಿದ್ವಿ. ಆಮೇಲೆ ಆ ಕಡೆಯ ಒಬ್ಬ ಜೂನಿಯರ್ ನಮ್ಮೆದುರು ಮಾತಾಡೋದನ್ನೇ ಕಡಿಮೆ ಮಾಡಿದ. ಎಲ್ಲಿ ಎಡವಿದ್ವಿ ಅನ್ನೋದಕ್ಕೆ ಉತ್ತರ ಸಿಕ್ಕಿದ್ದು ಒಂದು ವಿಡಿಯೋ ಗೇಮ್‌ನಲ್ಲಿ.

'ಇಟ್ಸ್-ಅ ಮೀ, ಮಾರಿಯೊ!' ಈ ದನಿ ನಮಗೆಲ್ಲ ಗೊತ್ತು. ಆದರೆ ಇದು ಇಟಲಿಯವರದ್ದಲ್ಲ, ಅಮೆರಿಕದ ನಟ ಚಾರ್ಲ್ಸ್ ಮಾರ್ಟಿನೇ ಅವರದ್ದು. ಅವರೇ ಹೇಳಿಕೊಂಡಂತೆ, ಆಡಿಷನ್ ಮುಗಿಯೋ ಹೊತ್ತಿಗೆ ಅವರು ಒಳಗೆ ನುಗ್ಗಿದ್ದರು. ಸಿಕ್ಕ ಸೂಚನೆ ಇಷ್ಟೇ: ನೀವು ಬ್ರೂಕ್ಲಿನ್‌ನ ಇಟಾಲಿಯನ್ ಪ್ಲಂಬರ್. ಮೊದಲು ಒರಟು ದನಿಯೇ ಹೊಳೆಯಿತು. ಆದರೆ ಮಕ್ಕಳು ಹೆದರಬಾರದಲ್ವಾ? ಅದಕ್ಕೇ ಹಿಂದೆ ತಾವು ಮಾಡಿದ್ದ ಷೇಕ್ಸ್‌ಪಿಯರ್ ನಾಟಕದ ಗ್ರೆಮಿಯೊ ಪಾತ್ರವನ್ನು ನೆನೆದು, ದನಿಯನ್ನು ಎಳೆಯದಾಗಿ, ಮುದ್ದಾಗಿ ಮಾಡಿಕೊಂಡರು.

ಆ 'ಅ' ಎಲ್ಲಿಂದ ಬಂತು? ಇಟಾಲಿಯನ್ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ಆ ರೂಢಿಯವರು ಇಂಗ್ಲಿಷ್ ಆಡುವಾಗ ವ್ಯಂಜನದ ಕೊನೆಗೆ ಒಂದು ಸ್ವರ ಸೇರಿಕೊಳ್ಳುತ್ತೆ. ನಟರು ಅದನ್ನೇ ಸ್ವಲ್ಪ ದೊಡ್ಡದು ಮಾಡ್ತಾರೆ. ನಾವೂ ಅಷ್ಟೇ: ಬಸ್ ಬಸ್ಸಾಯಿತು, ಕಾರ್ ಕಾರಾಯಿತು, ಬೆಂಚ್ ಬೆಂಚಾಯಿತು, ಎಲ್ಲದಕ್ಕೂ ಕೊನೆಗೊಂದು 'ಉ' ಬಂತು. ಅಂದ್ರೆ ಆಕ್ಸೆಂಟು ತಪ್ಪಲ್ಲ, ಒಂದು ನುಡಿಯ ನಿಯಮ ಇನ್ನೊಂದರಲ್ಲಿ ಕೆಲಸ ಮಾಡೋ ರೀತಿ.

ಆದರೆ ಆಕ್ಸೆಂಟು ಒಂದರಿಂದಲೇ ಪಾತ್ರ ಹುಟ್ಟೋದಿಲ್ಲ. 1996ರ 'ಸೂಪರ್ ಮಾರಿಯೊ 64' ಗೇಮ್‌ನ ಇಡೀ ಕಾರ್ಟ್ರಿಜ್ 8 ಎಂಬಿ. ಉದ್ದುದ್ದ ಸಂಭಾಷಣೆ ತುಂಬೋಕೆ ಜಾಗವೇ ಇಲ್ಲ. ಹಾರುವಾಗ, ಬೀಳುವಾಗ ಬರೋ ಚಿಕ್ಕ ಕೂಗುಗಳಲ್ಲೇ ಮಾರಿಯೊನ ಖುಷಿ ಕೇಳಿಸಬೇಕಿತ್ತು. ಮಾರ್ಟಿನೇ ಗೆದ್ದದ್ದು ಅಲ್ಲಿ.

2023ರ ಮಾರಿಯೊ ಸಿನಿಮಾದಲ್ಲಿ ಕ್ರಿಸ್ ಪ್ರ್ಯಾಟ್ ಆ ಗಾಢ ಆಕ್ಸೆಂಟನ್ನು ಬಹುಪಾಲು ಬಿಟ್ಟರು. ಮಾರಿಯೊ ತಮ್ಮ ಜಾಹೀರಾತಿನ ಆಕ್ಸೆಂಟು ಅತಿಯಾಯ್ತಾ ಅಂತ ಕೇಳುವ ತಮಾಷೆಯೂ ಅದರಲ್ಲಿದೆ. ಸರಿಯಾಗಿದೆ ಅಂತ ಮೆಚ್ಚುವ ಪಾತ್ರದ ದನಿ ಸ್ವತಃ ಮಾರ್ಟಿನೇ ಅವರದ್ದೇ!

ಅತಿಯಾಯ್ತಾ ಅಂತ ನಾವು ಯಾರನ್ನೂ ಕೇಳಿರಲಿಲ್ಲ. ನಮ್ಮ ಸ್ಕಿಟ್‌ನಲ್ಲಿ ಧಾಟಿ ಇತ್ತು, ಮನುಷ್ಯ ಇರಲಿಲ್ಲ. ಆ ಪಾತ್ರಕ್ಕೆ ಏನು ಬೇಕು, ಯಾವುದಕ್ಕೆ ನಗ್ತಾನೆ ಅಂತ ನಾವು ಯೋಚಿಸಿರಲೇ ಇಲ್ಲ. ಈ ಸಲ ಸ್ಕ್ರಿಪ್ಟು ಬರೆಯೋಕೆ ಮುಂಚೆ ಆ ಜೂನಿಯರ್ ಹತ್ತಿರ ಹೋಗ್ತೀವಿ. ಮೊದಲು ಕ್ಷಮೆ ಕೇಳ್ತೀವಿ. ಆಮೇಲೆ, ಅವನು ಒಪ್ಪಿದರೆ, ಅವನ ಮಾತನ್ನು ಸರಿಯಾಗಿ ಕಲೀತೀವಿ.