ಸಂಪಿನ ಗೋಡೆಗೆ ಇಳಿಯೋ ಮುಂಚೆ

ತಮ್ಮಾ, ನಾಳೆ ಸಂಪಿನ ಗೋಡೆಗೆ ಕಾಂಕ್ರೀಟ್ ಅಂದೆಯಲ್ಲ, ಸ್ವಲ್ಪ ಕೂತ್ಕೋ. ಮೋಲ್ಡ್ ಹಾಕೋದೇ ಬೇರೆ, ಇದೇ ಬೇರೆ. ಅಲ್ಲಿ ಎಲ್ಲಾ ಕಣ್ಣೆದುರಿಗಿರುತ್ತೆ. ಇಲ್ಲಿ ಒಂದು ಕಡೆ ಮಣ್ಣು, ಇನ್ನೊಂದು ಕಡೆ ಶೀಟು, ನಡುವೆ ಎಂಟಿಂಚಿನ ಸಂದು, ಅದರಲ್ಲಿ ಎರಡು ಸಾಲು ಕಂಬಿ. ಒಳಗೇನಾಯ್ತು ಅನ್ನೋದು ಶಟರಿಂಗ್ ಬಿಚ್ಚಿದ ಮೇಲೇ ಗೊತ್ತಾಗೋದು.

ಸಂದು ಇಕ್ಕಟ್ಟು ಅಂತ ಹುಡುಗರು ಬಿಂದಿಗೆ ಎತ್ಕೊಂಡು ನೀರು ಬೆರೆಸೋಕೆ ಬರ್ತಾರೆ. ಬಿಡಬೇಡ, ಆಮೇಲೆ ಸೋರೋದು ಅಲ್ಲೇ. 20 ಎಂಎಂ ಜಲ್ಲಿ ಇಳಿಯೋದಿಲ್ಲ ಅಂದ್ರೆ 12 ಎಂಎಂ ತರಿಸು, ಪ್ಲಾಸ್ಟಿಸೈಜರ್ ಹಾಕಿಸು. ಎಂಟಡಿ ಮೇಲಿಂದ ಬಾಂಡ್ಲಿ ಸುರಿದರೆ ಕಂಬಿಗೆ ಬಡಿದು ಜಲ್ಲಿ ಬೇರೆ, ಸಿಮೆಂಟ್ ಹಾಲು ಬೇರೆ ಆಗುತ್ತೆ. ಐಎಸ್ 456 ಹೇಳೋ ಮಿತಿ 1.5 ಮೀಟರ್. ಅದಕ್ಕೇ ಶೀಟಿನ ನಡುಮಟ್ಟದಲ್ಲಿ ಕಿಟಕಿ ಬಿಡಿಸು. ಕೆಳಭಾಗ ಅಲ್ಲಿಂದ ತುಂಬಿಸಿ, ಮುಚ್ಚಿ, ಆಮೇಲೆ ಮೇಲಕ್ಕೆ ಹೋಗು.

ಹಸಿ ಕಾಂಕ್ರೀಟ್ ಘನ ಮೀಟರಿಗೆ 2,400 ಕೆಜಿ ತೂಗುತ್ತೆ. ಎಂಟಡಿ ಒಂದೇ ಉಸಿರಿಗೆ ತುಂಬಿಸಿದರೆ ಬುಡದಲ್ಲಿ ಚದರ ಮೀಟರಿಗೆ ಆರು ಟನ್ ಹತ್ತಿರ ಒತ್ತಡ. ಮಣ್ಣಿನ ಕಡೆ ಟೈ ರಾಡ್ ಹಾಕೋಕೆ ಜಾಗವಿಲ್ಲ, ಎದುರುಬದುರು ಶೀಟುಗಳಿಗೆ ಅಡ್ಡ ಕೊಟ್ಟ ಜಾಕಿಗಳೇ ಆಸರೆ. ಒಂದೇ ಗೋಡೆ ತುಂಬಿಸ್ತಾ ಹೋದರೆ ಇಡೀ ಪೆಟ್ಟಿಗೆ ಇನ್ನೊಂದು ಕಡೆಗೆ ಸರಿಯುತ್ತೆ. ನಾಲ್ಕೂ ಕಡೆ ಸುತ್ತು ಬರ್ತಾ, ಒಂದೊಂದು ಸುತ್ತಿಗೆ ಒಂದಡಿ ಏರಿಸು. ಕೆಳಗಿನ ಪದರ ಇನ್ನೂ ಹಸಿಯಾಗಿರುವಾಗಲೇ ವೈಬ್ರೇಟರ್ ನೀಡಲ್ ಅದರೊಳಗೆ ನಾಲ್ಕಿಂಚು ಇಳಿಯಬೇಕು, ನಿಧಾನವಾಗಿ ಮೇಲೆ ಬರಬೇಕು. ಕಾಂಕ್ರೀಟನ್ನು ನೀಡಲ್‌ನಿಂದ ಪಕ್ಕಕ್ಕೆ ತಳ್ಳೋ ಚಾಳಿ ಮಾತ್ರ ಬಿಡಿಸು.

ಗೋಡೆ ಕೆಟ್ಟರೆ ರಿಪೇರಿ ಮಾಡಬಹುದು. ನನ್ನ ಹೆದರಿಕೆ ಇರೋದು ಗಾಳಿಯದ್ದು. ಪೆಟ್ರೋಲ್ ಎಂಜಿನ್ ಗುಂಡಿಯೊಳಗಿಡಬೇಡ, ಅಂಚಿನಲ್ಲೂ ಬೇಡ. ಹೊಗೆ ಒಳಗೆ ಸೇರಿದರೆ ಕೆಲಸದವನಿಗೆ ತಲೆನೋವು ಅನ್ನಿಸುತ್ತೆ, ಆಮೇಲೆ ಕಾಲೇ ಏಳೋದಿಲ್ಲ. ಅದಕ್ಕಿಂತ ಘಾತುಕ, ಮೇಲೆ ಸ್ಲ್ಯಾಬ್ ಬಿದ್ದ ಮೇಲಿನ ದಿನಗಳು. ಎರಡಡಿ ಬಾಯಿ ಮುಚ್ಚಿಟ್ಟಿರ್ತಾರೆ, ತಳದಲ್ಲಿ ನೀರು, ನೆನೆದ ಹಲಗೆ ಕೊಳೀತಾ ಕೊಳೀತಾ ಒಳಗಿನ ಆಮ್ಲಜನಕ ತಿಂದು ಹಾಕುತ್ತೆ. ಹೊಸ ಸಂಪಿನ ಸೆಂಟ್ರಿಂಗ್ ಬಿಚ್ಚಲು ಇಳಿದವನು, ಅವನನ್ನು ಎತ್ತಲು ಹೋದವನು, ಇಬ್ಬರೂ ಹೋದ ಸುದ್ದಿ ಪೇಪರಿನಲ್ಲಿ ನೀನೂ ಓದಿರ್ತೀಯ. ಮೇಣದಬತ್ತಿ ಉರಿದರೆ ಸಾಕು ಅನ್ನೋರ ಮಾತು ಕೇಳಬೇಡ, ವಿಷಗಾಳಿಯನ್ನು ಅದು ತೋರಿಸೋದಿಲ್ಲ. ಬ್ಲೋವರ್ ಪೈಪು ತಳದವರೆಗೆ ಬಿಟ್ಟು ಗಾಳಿ ಹೊಡೆಸು, ಗ್ಯಾಸ್ ಮೀಟರ್‌ನಲ್ಲಿ ನೋಡು, ಇಳಿಯೋನಿಗೆ ಬೆಲ್ಟು, ಹಗ್ಗ ಹಾಕಿಸು. ಕೆಲಸ ಮುಗಿಯೋವರೆಗೂ ಬ್ಲೋವರ್ ನಿಲ್ಲಿಸಬೇಡ. ಹಗ್ಗದ ತುದಿ ಹಿಡಿದವನು ಏನೇ ಆದರೂ ಕೆಳಗೆ ಹಾರಕೂಡದು, ಮೇಲಿಂದಲೇ ಎಳೀಬೇಕು.

ಸ್ಲ್ಯಾಬಿಗೆ ಕಂಬಿ ಕಟ್ಟುವಾಗಲೇ ಎದುರು ಮೂಲೆಯಲ್ಲಿ ಇನ್ನೊಂದು ಬಾಯಿ ಬಿಡಿಸು. ಕಾರು ನಿಲ್ಲಿಸೋ ಜಾಗ ಅಂತ ಮನೆಯವರು ತಕರಾರು ತೆಗೆದರೆ ನನಗೆ ಫೋನ್ ಕೊಡು, ನಾನು ಮಾತಾಡ್ತೀನಿ.