ಯಾರಿಗಾಗಿ ಎಂದು ಕೇಳುವುದನ್ನು ಬಿಡಬೇಡಿ

ಇಂಜಿನಿಯರಿಂಗ್ ಓದುತ್ತಿರುವ, ಓದು ಮುಗಿಸಿ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕೆಲಸಕ್ಕೆ ಸೇರಿರುವ ಹುಡುಗ ಹುಡುಗಿಯರೇ, ಈಚೆಗೆ ನಿಮ್ಮ ಮಾತುಕತೆಯಲ್ಲಿ ಅಲೆಕ್ಸ್ ಕಾರ್ಪ್ ಎಂಬ ಹೆಸರು ಮತ್ತೆ ಮತ್ತೆ ಕೇಳಿಬರುತ್ತಿದೆ. ಅಮೆರಿಕದ ಪ್ಯಾಲಂಟಿರ್ ಕಂಪನಿಯ ಮುಖ್ಯಸ್ಥ ಅವರು. ನಿಮ್ಮಲ್ಲಿ ಕೆಲವರಿಗೆ ಅವರು ಆದರ್ಶ, ಇನ್ನು ಕೆಲವರಿಗೆ ಖಳನಾಯಕ. ಎರಡೂ ಅವಸರದ ತೀರ್ಮಾನ. ಅವರು ಎತ್ತಿರುವ ಪ್ರಶ್ನೆ ನೇರವಾಗಿ ನಿಮ್ಮ ಬದುಕಿಗೆ ಸಂಬಂಧಿಸಿದ್ದು. ಆದ್ದರಿಂದ ಸ್ವಲ್ಪ ಹೊತ್ತು ನನ್ನ ಮಾತು ಕೇಳಿ.

2003ರಲ್ಲಿ, ನ್ಯೂಯಾರ್ಕಿನ ಗೋಪುರಗಳ ಮೇಲಿನ ದಾಳಿಯ ನೆನಪು ಇನ್ನೂ ಹಸಿಯಾಗಿದ್ದಾಗ, ಪೀಟರ್ ಥೀಲ್, ಕಾರ್ಪ್ ಮೊದಲಾದವರು ಕೂಡಿ ಕಟ್ಟಿದ ಕಂಪನಿ ಇದು. ಸಿಐಎ ಬೆಂಬಲದ ಹೂಡಿಕೆ ಸಂಸ್ಥೆ ಇನ್-ಕ್ಯೂ-ಟೆಲ್ ಆರಂಭದಲ್ಲೇ ಅದಕ್ಕೆ ಹಣ ಕೊಟ್ಟಿತು. ದತ್ತಾಂಶ ಮಾರುವುದು ಅದರ ಕಸುಬಲ್ಲ. ಬೇರೆ ಬೇರೆ ಇಲಾಖೆಗಳಲ್ಲಿ ಚದುರಿ ಬಿದ್ದ ದಾಖಲೆಗಳನ್ನು ಒಂದೇ ಪರದೆಯ ಮೇಲೆ ಬೆಸೆದು ತೋರಿಸುವ ಸಾಫ್ಟ್‌ವೇರ್ ಅದರದು. ಅಮೆರಿಕದ ಸೇನೆ, ವಲಸೆ ಇಲಾಖೆ, ಜರ್ಮನಿಯ ಕೆಲವು ರಾಜ್ಯಗಳ ಪೊಲೀಸರು, ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ, ಎಲ್ಲರೂ ಅದರ ಗ್ರಾಹಕರು.

2025ರಲ್ಲಿ ಕಾರ್ಪ್ ಅವರು ನಿಕೊಲಸ್ ಜಮಿಸ್ಕಾ ಜೊತೆಗೂಡಿ ‘ದಿ ಟೆಕ್ನಾಲಾಜಿಕಲ್ ರಿಪಬ್ಲಿಕ್’ ಎಂಬ ಪುಸ್ತಕ ತಂದರು. ಅದರ ವಾದ ಸ್ಥೂಲವಾಗಿ ಹೀಗಿದೆ: ಎರಡನೇ ಮಹಾಯುದ್ಧದ ಹೊತ್ತಿಗೆ ವಿಜ್ಞಾನಿಗಳೂ ಸರ್ಕಾರವೂ ಹೆಗಲು ಕೊಟ್ಟು ದುಡಿದರು. ಆ ಕೂಟದಿಂದಲೇ ಸಿಲಿಕಾನ್ ವ್ಯಾಲಿ ಬೆಳೆಯಿತು. ಆಮೇಲೆ ಅದು ದೇಶವನ್ನು ಮರೆತು ಜಾಹೀರಾತು, ಫೋಟೋ ಹಂಚಿಕೆ, ಆಟಗಳಲ್ಲಿ ಮುಳುಗಿತು. ಪಶ್ಚಿಮಕ್ಕೆ ತನ್ನ ಮೇಲೆ ತನಗೇ ನಂಬಿಕೆ ಹೋಗಿದೆ, ಇಳಿಗಾಲ ಶುರುವಾಗಿರುವುದು ಅಲ್ಲಿಂದ ಎಂಬುದು ಅವರ ಕೊರಗು.

ಈ ಮಾತಿನ ಅರ್ಧಕ್ಕೆ ನಾನೂ ತಲೆದೂಗುತ್ತೇನೆ. ಇಂಟರ್ನೆಟ್ಟಿನ ಮೂಲವಾದ ಅರ್ಪಾನೆಟ್ 1969ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಹುಟ್ಟಿದ್ದು ನಿಜ. ನಿಮ್ಮಂಥ ಬುದ್ಧಿವಂತರು ಜನರ ಬೆರಳನ್ನು ಫೋನಿನ ಮೇಲೆ ಇನ್ನೊಂದು ನಿಮಿಷ ಹಿಡಿದಿಡುವುದರಲ್ಲಿ ಪ್ರಾಯ ಕಳೆಯುವುದನ್ನು ನೋಡಿದರೆ ನನಗೂ ಸಂಕಟವಾಗುತ್ತದೆ. ನಿಮ್ಮ ವಿದ್ಯೆ ಸಮಾಜಕ್ಕೆ ಸಲ್ಲಬೇಕು ಎಂದು ಯಾರು ಹೇಳಿದರೂ ಕೇಳಿಸಿಕೊಳ್ಳಿ.

ನನಗೆ ಭಯವಿರುವುದು ಉಳಿದ ಅರ್ಧದ ಬಗ್ಗೆ. 2018ರಲ್ಲಿ ಗೂಗಲ್‌ನ ಸಾವಿರಾರು ಉದ್ಯೋಗಿಗಳು, ಡ್ರೋನ್ ಚಿತ್ರಗಳನ್ನು ವಿಶ್ಲೇಷಿಸುವ ಸೇನೆಯ ‘ಪ್ರಾಜೆಕ್ಟ್ ಮೇವನ್’ ಕೆಲಸ ಬೇಡವೆಂದು ಸಹಿ ಹಾಕಿದರು. ಕಂಪನಿ ಆ ಒಪ್ಪಂದವನ್ನು ಮುಂದುವರಿಸಲಿಲ್ಲ. ಪ್ಯಾಲಂಟಿರ್ ಆ ಯೋಜನೆಯ ಕೆಲಸಕ್ಕೆ ಕೈಹಾಕಿತು. ಸಮಾಜ ಹೇಗೆ ನಡೆಯಬೇಕೆಂಬುದು ಇಂಜಿನಿಯರುಗಳ ತೀರ್ಮಾನವಲ್ಲ, ಅದನ್ನು ಚುನಾಯಿತ ಸರ್ಕಾರಕ್ಕೆ ಬಿಡಬೇಕು ಎಂಬುದು ಕಾರ್ಪ್ ಅವರ ನಿಲುವು. ಕೇಳಲು ಇದು ವಿನಯದ ಮಾತು. ಆದರೆ ಅವರು ಹಂಬಲಿಸುವ ಆ ಹಳೆಯ ಕಾಲವನ್ನೇ ಇನ್ನೊಮ್ಮೆ ತೆರೆದು ನೋಡಿ.

1940ರಲ್ಲಿ ಅಮೆರಿಕದಲ್ಲಿ ಜನಗಣತಿ ನಡೆಯಿತು. ನೀವು ಕೊಡುವ ವಿವರ ಗುಟ್ಟಾಗಿರುತ್ತದೆ ಎಂದು ಕಾನೂನೇ ಮಾತು ಕೊಟ್ಟಿತ್ತು. ಜನ ನಂಬಿ ಬಾಗಿಲು ತೆರೆದರು. 1942ರ ಮಾರ್ಚಿನಲ್ಲಿ ಇನ್ನೊಂದು ಕಾನೂನು ಬಂದು ಆ ಮಾತನ್ನು ಅಳಿಸಿತು. ಜಪಾನಿ ಮೂಲದವರು ಯಾವ ಬೀದಿಯಲ್ಲಿ ಎಷ್ಟು ಮಂದಿ ಇದ್ದಾರೆಂದು ಹುಡುಕಲು ಆ ಗಣತಿಯ ಅಂಕಿಗಳು ನೆರವಾದವು. ಸುಮಾರು 1,20,000 ಮಂದಿಯನ್ನು ಮನೆ ಬಿಡಿಸಿ ಶಿಬಿರಗಳಿಗೆ ದೂಡಲಾಯಿತು. ಅವರಲ್ಲಿ ಬಹುಪಾಲು ಅಮೆರಿಕದ ಪೌರರೇ. ಆಗಲೂ ಇದ್ದದ್ದು ಚುನಾಯಿತ ಸರ್ಕಾರ.

ನೆದರ್ಲೆಂಡ್ಸಿನ ಕತೆ ಇನ್ನೂ ಕಹಿ. ಅಲ್ಲಿನ ಜನಸಂಖ್ಯಾ ದಾಖಲೆಗಳು ಬಲು ಅಚ್ಚುಕಟ್ಟು. ಆಡಳಿತದ ಅನುಕೂಲಕ್ಕೆಂದು ಶ್ರದ್ಧೆಯಿಂದ ಬರೆದಿಟ್ಟ ಆ ಕಾರ್ಡುಗಳಲ್ಲಿ ಧರ್ಮದ ವಿವರವೂ ಇತ್ತು. 1940ರಲ್ಲಿ ನಾಜಿಗಳು ಬಂದರು, ಕಾರ್ಡುಗಳು ಅವರ ಕೈಸೇರಿದವು. ಆ ದೇಶದ ಯಹೂದಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಉಳಿಯಲಿಲ್ಲ. ಅದಕ್ಕೆ ಕಾರಣಗಳು ಹಲವು, ಆ ಅಚ್ಚುಕಟ್ಟು ದಾಖಲೆಯೂ ಅವುಗಳಲ್ಲಿ ಒಂದು. 1943ರ ಮಾರ್ಚ್ 27ರಂದು ಒಂದು ಪ್ರತಿರೋಧ ತಂಡ ಆಮ್‌ಸ್ಟರ್‌ಡ್ಯಾಮಿನ ನೋಂದಣಿ ಕಚೇರಿಗೆ ಬೆಂಕಿ ಇಟ್ಟಿತು. ಸುಟ್ಟದ್ದು ಒಂದು ಭಾಗ ಮಾತ್ರ. ತಂಡದ 12 ಮಂದಿಯನ್ನು ನಾಜಿಗಳು ಗುಂಡಿಕ್ಕಿ ಕೊಂದರು. ಕಾರ್ಡು ಬರೆದ ಗುಮಾಸ್ತರು ಕೆಟ್ಟವರಾಗಿರಲಿಲ್ಲ. ಮುಂದೆ ಇದು ಯಾರ ಕೈಗೆ ಹೋದೀತು ಎಂದು ಅವರು ಕೇಳಿರಲಿಲ್ಲ, ಅಷ್ಟೆ.

ಇದೆಲ್ಲ ದೂರದ ಮಾತು ಎನ್ನಬೇಡಿ. 2025ರಲ್ಲಿ ಅಮೆರಿಕದ ವಲಸೆ ಇಲಾಖೆ ಸುಮಾರು 3 ಕೋಟಿ ಡಾಲರ್ ಕೊಟ್ಟು ಪ್ಯಾಲಂಟಿರ್‌ಗೆ ಒಂದು ವ್ಯವಸ್ಥೆ ಕಟ್ಟಲು ಹೇಳಿತು. ವೀಸಾ ಅವಧಿ ಮೀರಿ ಉಳಿದವರನ್ನು ಗುರುತಿಸುವುದೂ ಅದರ ಉದ್ದೇಶಗಳಲ್ಲಿ ಸೇರಿದೆ. ಎಚ್-1ಬಿ ವೀಸಾದ ಮೇಲೆ ಹೋದ ನಮ್ಮ ಮಕ್ಕಳಿಗೆ ಕೆಲಸ ಹೋದರೆ ಸಾಮಾನ್ಯವಾಗಿ ಸಿಗುವುದು ಹೆಚ್ಚೆಂದರೆ 60 ದಿನ. ಇಂದು ಇಂಥ ಪಟ್ಟಿಗೆ ಕೋಡ್ ಬರೆಯುವವರ ಹೆಸರೇ ನಾಳೆ ಆ ಪಟ್ಟಿಯಲ್ಲಿ ಮೂಡಬಹುದು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಪಟ್ಟಿಗೆ ಅದನ್ನು ಬರೆದವರ ಗುರುತು ಇರುವುದಿಲ್ಲ ಎಂಬುದು ನಿಮಗೆ ತಿಳಿದಿರಲಿ.

ತುರ್ತುಪರಿಸ್ಥಿತಿಯ ದಿನಗಳಲ್ಲಿ ನಾವು ನಿಮ್ಮ ವಯಸ್ಸಿನವರು. 1975ರ ಜೂನ್‌ನಲ್ಲಿ ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ ಇಲ್ಲೇ ಬಂಧಿತರಾದರು. ‘ಸಂಸ್ಕಾರ’ ಚಿತ್ರದಲ್ಲಿ ನಟಿಸಿದ್ದ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳುತ್ತ ಬೆಂಗಳೂರಿನ ಜೈಲಿನಲ್ಲಿದ್ದರು, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಆಗ ಪಟ್ಟಿಗಳು ಕಾಗದದ ಮೇಲಿದ್ದವು. ಒಂದು ಠಾಣೆಯ ಕಡತ ಇನ್ನೊಂದಕ್ಕೆ ತಲುಪಲು ದಿನಗಳು ಹಿಡಿಯುತ್ತಿದ್ದವು. ಆ ನಿಧಾನದಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಉಳಿದರು. ಆ ನಿಧಾನವನ್ನು ಇಲ್ಲವಾಗಿಸುವುದೇ ಇಂದು ನಿಮ್ಮ ವೃತ್ತಿ. ಆದ್ದರಿಂದಲೇ ನಮಗಿಂತ ನಿಮ್ಮ ಹೊಣೆ ದೊಡ್ಡದು.

ಹಾಗಾದರೆ ಪಶ್ಚಿಮ ಇಳಿಯುತ್ತಿದೆಯೇ? ಒಂದು ಸಮಾಜದ ಕಸುವು ಅದರ ಆಯುಧದಲ್ಲಿ ಮಾತ್ರ ಇರುವುದಿಲ್ಲ, ತನ್ನನ್ನು ತಾನೇ ತಡೆದುಕೊಳ್ಳುವ ಶಕ್ತಿಯಲ್ಲೂ ಇರುತ್ತದೆ. ವಾಟರ್‌ಗೇಟ್ ಹಗರಣದ ಬಳಿಕ, 1974ರಲ್ಲಿ, ಸರ್ಕಾರ ಇಟ್ಟುಕೊಳ್ಳುವ ವೈಯಕ್ತಿಕ ದಾಖಲೆಗಳಿಗೆ ಮಿತಿ ಹಾಕುವ ಪ್ರೈವೆಸಿ ಆಕ್ಟ್ ಅನ್ನು ಅಮೆರಿಕ ತಂದಿತು. ಕಾರ್ಪ್ ಪಿಎಚ್‌ಡಿ ಮಾಡಿದ ಫ್ರಾಂಕ್‌ಫರ್ಟ್ ಇರುವುದು ಜರ್ಮನಿಯ ಹೆಸ್ಸೆ ರಾಜ್ಯದಲ್ಲಿ. ಅಲ್ಲಿನ ಪೊಲೀಸರು ಬಳಸುತ್ತಿದ್ದದ್ದು ಪ್ಯಾಲಂಟಿರ್ ಸಾಫ್ಟ್‌ವೇರನ್ನೇ. 2023ರ ಫೆಬ್ರವರಿ 16ರಂದು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ, ಇಂಥ ವಿಶ್ಲೇಷಣೆಗೆ ಅನುಮತಿ ನೀಡಿದ್ದ ಹೆಸ್ಸೆ ಮತ್ತು ಹ್ಯಾಂಬರ್ಗಿನ ಕಾನೂನುಗಳು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದಿತು. ತಂತ್ರಜ್ಞಾನವನ್ನು ಅದು ನಿಷೇಧಿಸಲಿಲ್ಲ, ಯಾವಾಗ, ಯಾರ ಮೇಲೆ, ಎಷ್ಟು ಎಂಬ ಮಿತಿ ಬರೆಯಿರಿ ಎಂದಿತು. ಬಾವಿಗೆ ಕಟ್ಟೆ ಕಟ್ಟುವುದು ನೀರಿನ ಮೇಲಿನ ಸಿಟ್ಟಿಗಲ್ಲವಲ್ಲ. ಇದನ್ನು ಇಳಿಗಾಲ ಎನ್ನಲು ನನಗೆ ಮನಸ್ಸಾಗದು.

ನಮ್ಮ ನಾಡಿನ ಹಿರಿಯರೊಬ್ಬರೂ ಇದೇ ಕೆಲಸ ಮಾಡಿದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಪುಟ್ಟಸ್ವಾಮಿಯವರು ದೇಶದ್ರೋಹಿಯಾಗಿರಲಿಲ್ಲ, ತಂತ್ರಜ್ಞಾನದ ಶತ್ರುವೂ ಆಗಿರಲಿಲ್ಲ. ಪೌರನೊಬ್ಬ ಕೇಳಬೇಕಾದ ಪ್ರಶ್ನೆಯನ್ನು ಕೇಳಿದರು.

ನೀವು ಸರ್ಕಾರಕ್ಕೆ ಕೆಲಸ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಮಾಡಿ, ಮನಸ್ಸಿಟ್ಟು ಮಾಡಿ. ಆಸ್ಪತ್ರೆಗೂ ರೈತನಿಗೂ ಗಡಿಯ ರಕ್ಷಣೆಗೂ ನಿಮ್ಮ ಬುದ್ಧಿ ಬೇಕು. ಆದರೆ ಕೆಲವು ಅಭ್ಯಾಸಗಳನ್ನು ಈಗಲೇ ರೂಢಿಸಿಕೊಳ್ಳಿ. ಜನರ ಬಗ್ಗೆ ಒಂದು ಕಾಲಂ ಸೇರಿಸುವ ಮುನ್ನ ಇದು ಬೇಕೇ, ಯಾವಾಗ ಅಳಿಸುತ್ತೇವೆ, ನಾಳೆ ಬೇರೆಯವರು ಗದ್ದುಗೆ ಏರಿದರೆ ಇದರಿಂದ ಏನು ಮಾಡಬಲ್ಲರು ಎಂದು ಕೇಳಿ. ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ಕೇಳಿ. ಒಬ್ಬರೇ ಕೇಳಲು ಅಳುಕಾದರೆ ಇಬ್ಬರು ಸಹೋದ್ಯೋಗಿಗಳನ್ನು ಜೊತೆಗೆ ಸೇರಿಸಿಕೊಳ್ಳಿ. ನಮ್ಮ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ನೀವೇ ಓದಿ, ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಅದರಲ್ಲಿ ಎಷ್ಟು ಅವಕಾಶವಿದೆ ಎಂದು ಗಮನಿಸಿ. ಇನ್ನೊಂದು ಮಾತು: ಆರು ತಿಂಗಳ ಖರ್ಚಿನಷ್ಟು ಹಣ ಕೂಡಿಡಿ. ಮೂರು ಇಎಂಐ ತಲೆಯ ಮೇಲಿದ್ದವನ ಬಾಯಿಂದ ‘ಆಗುವುದಿಲ್ಲ’ ಎಂಬ ಮಾತು ಹೊರಡುವುದು ಕಷ್ಟ.

ಜೋಸೆಫ್ ರೋಟ್‌ಬ್ಲಾಟ್ ಎಂಬ ಭೌತವಿಜ್ಞಾನಿಯನ್ನು ಅರಿತುಕೊಳ್ಳಿ. ಹಿಟ್ಲರನ ಕೈಗೆ ಮೊದಲು ಅಣುಬಾಂಬ್ ಸಿಕ್ಕೀತೆಂಬ ಭಯದಿಂದ ಅವರು ಅಮೆರಿಕದ ಮ್ಯಾನ್‌ಹಟನ್ ಯೋಜನೆ ಸೇರಿದರು. ಜರ್ಮನಿ ಬಾಂಬ್ ತಯಾರಿಸುತ್ತಿಲ್ಲವೆಂದು ತಿಳಿದಾಗ, 1944ರ ಕೊನೆಯಲ್ಲಿ, ಬಿಟ್ಟು ಹೊರಬಂದರು. 1995ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಅವರನ್ನು ಅರಸಿ ಬಂತು. ಕಾರ್ಪ್ ಮೆಚ್ಚುವ ಕಾಲದಲ್ಲೇ, ಅವರು ಮೆಚ್ಚುವಂಥ ಕೆಲಸದಲ್ಲೇ ಈ ಮನುಷ್ಯನೂ ಇದ್ದರು. ದೇಶಕ್ಕಾಗಿ ದುಡಿಯುವುದೂ ಪ್ರಶ್ನೆ ಕೇಳುವುದೂ ಒಬ್ಬರಿಂದಲೇ ಸಾಧ್ಯ ಎಂದು ತೋರಿಸಿದರು.

ನೀವು ಕೂಡ ಕೆಲಸಕ್ಕೆ ಸೇರುವ ದಿನ, ಏಕೆ ಸೇರುತ್ತಿದ್ದೀರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ವರ್ಷಕ್ಕೊಮ್ಮೆ ತೆಗೆದು ಓದಿ. ಆ ಕಾರಣ ಉಳಿದಿದ್ದರೆ ನೆಮ್ಮದಿಯಿಂದ ದುಡಿಯಿರಿ. ಉಳಿದಿಲ್ಲವಾದರೆ ಮೊದಲು ಒಳಗಿದ್ದು ತಿದ್ದಲು ನೋಡಿ, ಆಗದಿದ್ದರೆ ಎದ್ದು ಬನ್ನಿ. ನಿಮ್ಮ ವಯಸ್ಸಿನಲ್ಲಿ ದಾರಿ ಬದಲಿಸುವುದು ಸುಲಭ, ನಮ್ಮ ವಯಸ್ಸಿಗೆ ಬರುವವರೆಗೂ ಕಾಯಬೇಡಿ.