ಎರಡು ಮನೆಗಳ ಮಗು: ‘ನಮ್ಮ ಕುಟುಂಬ’ ಪಾಠಕ್ಕೊಂದು ಪ್ರಕರಣ ಅಧ್ಯಯನ

ಪೀಠಿಕೆ

ಬೋಧನಾಭ್ಯಾಸಕ್ಕೆ ಹೊರಟ ಪ್ರಶಿಕ್ಷಣಾರ್ಥಿಗಳು ಪರಿಸರ ಅಧ್ಯಯನದಲ್ಲಿ ಇಷ್ಟಪಟ್ಟು ಆರಿಸಿಕೊಳ್ಳುವ ಘಟಕಗಳಲ್ಲಿ ‘ಕುಟುಂಬ’ವೂ ಒಂದು. ಮಕ್ಕಳಿಗೆ ಗೊತ್ತಿರುವ ವಿಷಯ, ಚಾರ್ಟ್ ಬರೆಯುವುದು ಸುಲಭ, ಕೇಳಿದ ಕೂಡಲೇ ಉತ್ತರ ಬರುತ್ತದೆ. ಆದರೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಅಜ್ಜ, ಅಜ್ಜಿ ಸಾಲಾಗಿ ನಿಂತ ಆ ಚಾರ್ಟಿನಲ್ಲಿ ತರಗತಿಯ ಕೆಲವು ಮಕ್ಕಳ ಮನೆ ಇರುವುದಿಲ್ಲ. ತಾಯಿಯೊಬ್ಬಳೇ ಸಾಕುತ್ತಿರುವ ಮಗು ಅಂಥದ್ದು. ತಂದೆ ಬದುಕಿದ್ದು ಬೇರೆ ಊರಿನಲ್ಲಿದ್ದರೆ ಆ ಮಗುವಿನ ಸ್ಥಿತಿ ಇನ್ನೂ ಸೂಕ್ಷ್ಮ. ಅಂಥ ಮಗು ಇರುವ ತರಗತಿಯಲ್ಲಿ ಈ ಪಾಠವನ್ನು ಹೇಗೆ ಯೋಜಿಸಬೇಕು, ಪೋಷಕರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದು ಈ ಲೇಖನದ ವಿಷಯ.

ಪ್ರಕರಣ

(ಚರ್ಚೆಗಾಗಿ ರಚಿಸಿದ್ದು.) ನಾಲ್ಕನೆಯ ತರಗತಿಯ ಹುಡುಗಿ. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ, ಮಗಳೊಡನೆ ತವರುಮನೆಯಲ್ಲಿದ್ದಾರೆ. ನ್ಯಾಯಾಲಯದ ಆದೇಶದಂತೆ ತಂದೆ ತಿಂಗಳಿಗೆ ಎರಡು ಭಾನುವಾರ ಮಗಳನ್ನು ಕರೆದುಕೊಂಡು ಹೋಗುತ್ತಾರೆ. ‘ಕಳಿಸೋದೇ ಬೇಡ’ ಎಂಬುದು ತಾಯಿಯ ಅಮ್ಮನ ವಾದ. ತಂದೆಯ ಅಮ್ಮ ಊಟದ ಬಿಡುವಿನಲ್ಲಿ ಶಾಲೆಗೆ ಬಂದು, ತಿಂಡಿ ಕೊಟ್ಟು, ‘ನಿಮ್ಮಮ್ಮ ಮನೇಲಿ ಏನಂತಾಳೆ?’ ಎಂದು ಮಗುವನ್ನು ಕೇಳುತ್ತಾರೆ. ತಂದೆ ಫೋನ್ ಮಾಡಿ ಅಂಕಪಟ್ಟಿ ಕೇಳಿದ್ದಾರೆ; ‘ಅವರಿಗೆ ಏನೂ ಹೇಳ್ಬೇಡಿ ಟೀಚರ್’ ಎಂದು ತಾಯಿ ಕೇಳಿಕೊಂಡಿದ್ದಾರೆ. ಈ ನಡುವೆ ಪ್ರಶಿಕ್ಷಣಾರ್ಥಿ ಮನೆಗೆಲಸ ಕೊಡುತ್ತಾರೆ: ‘ನಿಮ್ಮ ವಂಶವೃಕ್ಷ ಬರೆದು ತನ್ನಿ.’ ಮಾರನೆಯ ದಿನ ಹುಡುಗಿ ಶಾಲೆಗೆ ಬರುವುದಿಲ್ಲ.

ಪಾಠದ ಮರುಯೋಜನೆ

ಈ ಘಟಕದ ಕಲಿಕಾಂಶ ಎರಡು: ಸಂಬಂಧಗಳನ್ನು ಗುರುತಿಸುವುದು, ಮನೆಯವರು ಒಬ್ಬರಿಗೊಬ್ಬರು ಮಾಡುವ ಕೆಲಸಗಳನ್ನು ತಿಳಿಯುವುದು. ಇವೆರಡಕ್ಕೂ ಮಗುವಿನ ಮನೆಯ ಗುಟ್ಟು ಬೇಕಿಲ್ಲ.

ಚಟುವಟಿಕೆ 1: ಶಿಕ್ಷಕರೇ ನಾಲ್ಕು ಮನೆಗಳ ಚಿತ್ರ ತರಲಿ. ಒಂದರಲ್ಲಿ ಅಪ್ಪ, ಅಮ್ಮ, ಮಕ್ಕಳು, ಇನ್ನೊಂದರಲ್ಲಿ ಅಮ್ಮ, ಮಗಳು, ಅಜ್ಜಿ, ಸೋದರಮಾವ, ಮತ್ತೊಂದರಲ್ಲಿ ಅಪ್ಪ ಅಮ್ಮ ದುಡಿಯಲು ಬೇರೆ ಊರಿಗೆ ಹೋಗಿದ್ದು ಅಜ್ಜ ಅಜ್ಜಿಯ ಬಳಿ ಉಳಿದ ಮಗು, ನಾಲ್ಕನೆಯದು ಕೂಡುಕುಟುಂಬ. ವಂಶವೃಕ್ಷವನ್ನು ಈ ಚಿತ್ರಗಳ ಮೇಲೆಯೇ ಬರೆಸಬೇಕು. ‘ಪಾಪ, ಈ ಮನೇಲಿ ಅಪ್ಪ ಇಲ್ಲ’ ಎಂಬ ಕನಿಕರದ ಮಾತು ಬೇಡ. ನಾಲ್ಕನ್ನೂ ಒಂದೇ ದನಿಯಲ್ಲಿ ಹೇಳಬೇಕು.

ಚಟುವಟಿಕೆ 2: ‘ನನ್ನನ್ನು ನೋಡಿಕೊಳ್ಳುವವರು’ ಎಂಬ ಪಟ್ಟಿ. ಬೆಳಗ್ಗೆ ಎಬ್ಬಿಸುವವರು, ತಲೆ ಬಾಚುವವರು, ಜ್ವರ ಬಂದಾಗ ಪಕ್ಕದಲ್ಲಿ ಕೂರುವವರು, ಲೆಕ್ಕ ಹೇಳಿಕೊಡುವವರು ಯಾರೆಂದು ಮಕ್ಕಳು ಬರೆಯಲಿ. ಒಂದೇ ಹೆಸರು ನಾಲ್ಕು ಕಡೆ ಬಂದರೂ ಸರಿ, ಪಕ್ಕದ ಮನೆಯವರ ಹೆಸರು ಬಂದರೂ ಸರಿ. ಓದಿ ಹೇಳಲು ಯಾರನ್ನೂ ಒತ್ತಾಯಿಸಬಾರದು.

‘ನಮ್ಮಪ್ಪ ನಮ್ಮನೇಲಿಲ್ಲ ಟೀಚರ್, ಬರೀಬೇಕಾ?’ ಎಂದು ಮಗು ಕೇಳಿದರೆ, ‘ನಿನಗೆ ಬರೀಬೇಕು ಅನ್ನಿಸಿದ್ರೆ ಬರಿ ಪುಟ್ಟಿ, ಬೇರೆ ಊರಲ್ಲಿರೋರನ್ನೂ ಬರೀಬಹುದು’ ಎಂದರೆ ಸಾಕು. ಪಕ್ಕದ ಹುಡುಗ ‘ಅವಳಿಗೆ ಅಪ್ಪ ಇಲ್ಲ’ ಎಂದು ಕೂಗಿದರೆ, ‘ಅವಳ ಮನೆ ವಿಷಯ ಅವಳು ಹೇಳ್ತಾಳೆ, ನೀನು ನಿಮ್ಮನೇದು ಹೇಳಪ್ಪ’ ಎಂದು ಪಾಠ ಮುಂದುವರಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದು ನೆನಪಿರಲಿ.

ತಿಳಿದಿರಬೇಕಾದ ಕಾನೂನು

ಪಾಲಕತ್ವ, ಸುಪರ್ದಿ, ಭೇಟಿ ಈ ಮೂರೂ ಬೇರೆ ಬೇರೆ. ಮಗು ಯಾರ ಜೊತೆ ವಾಸಿಸುತ್ತದೆ ಎಂಬುದು ಸುಪರ್ದಿ. ಇನ್ನೊಬ್ಬರು ಯಾವಾಗ ನೋಡಬಹುದು ಎಂಬುದು ಭೇಟಿ. ಸುಪರ್ದಿ ಒಬ್ಬರಿಗೆ ಸಿಕ್ಕಿತೆಂದರೆ ಇನ್ನೊಬ್ಬರು ಮಗುವಿಗೆ ಪರಕೀಯರಾದರು ಎಂದಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ತಂದೆಯನ್ನು, ಅವನ ನಂತರ ತಾಯಿಯನ್ನು ಸಹಜ ಪಾಲಕರೆಂದು ಹೇಳುತ್ತದೆ. ‘ನಂತರ’ ಎಂದರೆ ತಂದೆ ತೀರಿಕೊಂಡ ಮೇಲೆ ಎಂದಷ್ಟೇ ಅರ್ಥವಲ್ಲ, ಅವನ ಗೈರಿನಲ್ಲಿ ಎಂದೂ ಆಗುತ್ತದೆ ಎಂದು ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ತೀರ್ಪಿತ್ತಿತು. ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ ಎಂದು ಅದೇ ಕಾಯ್ದೆಯ 13ನೆಯ ಕಲಂ ಹೇಳುತ್ತದೆ. ಆದೇಶ ಕೌಟುಂಬಿಕ ನ್ಯಾಯಾಲಯದಿಂದಲೇ ಬರಬೇಕೆಂದಿಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ತಾತ್ಕಾಲಿಕ ಸುಪರ್ದಿ ಕೊಡಬಹುದು, ಮಗುವಿಗೆ ಅಪಾಯವೆಂದು ಕಂಡರೆ ಭೇಟಿಯನ್ನು ನಿರಾಕರಿಸಲೂಬಹುದು.

ಪೋಷಕರೊಡನೆ

ತಾಯಿಯ ಮಾತನ್ನು ಮೊದಲು ಕೇಳಿಸಿಕೊಳ್ಳಬೇಕು. ದಿನದ ದುಡಿಮೆ, ಫೀಸು, ಜ್ವರ, ಹೋಮ್‌ವರ್ಕ್ ಎಲ್ಲ ಅವರ ಪಾಲಿಗೆ. ಹದಿನೈದು ದಿನಕ್ಕೊಮ್ಮೆ ಹೊಸ ಬಟ್ಟೆ, ಐಸ್‌ಕ್ರೀಮು ತಂದೆಯ ಪಾಲಿಗೆ. ಗದರುವವಳು ತಾನು, ಮುದ್ದಿಸುವವನು ಅವನು ಎಂಬ ಸಂಕಟ ಅವರದು. ಮಗಳು ಕೈತಪ್ಪಿ ಹೋದಾಳೆಂಬ ಭಯವೂ ಅದರೊಳಗಿದೆ. ‘ಮಗಳ ಮುಖ ನೋಡಿ ಹೊಂದಿಕೊಂಡು ಹೋಗಿ’ ಎಂಬ ಬುದ್ಧಿಮಾತು ಶಿಕ್ಷಕರ ಬಾಯಿಂದ ಬರಬಾರದು. ಬೇರೆಯಾಗಲು ಕಾರಣವೇನೆಂದು ನಮಗೆ ತಿಳಿಯದು. ಅದರ ಹಿಂದೆ ಹೊಡೆತವೂ ಇರಬಹುದು.

ಅಂಕಪಟ್ಟಿಯ ವಿಷಯವನ್ನು ಪ್ರಶಿಕ್ಷಣಾರ್ಥಿ ತಾವೇ ತೀರ್ಮಾನಿಸದೆ ಮುಖ್ಯ ಶಿಕ್ಷಕರಿಗೆ ಒಪ್ಪಿಸಬೇಕು. ನ್ಯಾಯಾಲಯದ ಆದೇಶ ತಡೆಯದಿದ್ದರೆ ಮಗುವಿನ ಕಲಿಕೆಯ ವಿವರ ಇಬ್ಬರಿಗೂ ಒಂದೇ ಮಾತಿನಲ್ಲಿ ತಲುಪುವುದು ಒಳ್ಳೆಯದು. ತಾಯಿಯ ವಿಳಾಸ, ಫೋನ್ ಸಂಖ್ಯೆ, ಕೆಲಸದ ಪಾಳಿ ಮಾತ್ರ ಯಾರಿಗೂ ಹೋಗಬಾರದು. ತಾಯಿಗೆ ಹೀಗೆ ಹೇಳಬಹುದು: ‘ನೋಡಿ ಅಮ್ಮ, ಅವಳ ಓದಿನ ವಿಷಯ ಬಿಟ್ಟು ನಿಮ್ಮ ಮನೆಯ ಒಂದು ಮಾತೂ ನಮ್ಮಿಂದ ಹೊರಗೆ ಹೋಗಲ್ಲ.’

ಗೇಟಿನ ವಿಷಯದಲ್ಲಿ ಶಾಲೆ ಮೊದಲೇ ಸಿದ್ಧವಿರಬೇಕು. ಆದೇಶದ ಪ್ರತಿ ಮತ್ತು ಮಗುವನ್ನು ಕರೆದೊಯ್ಯಬಹುದಾದವರ ಪಟ್ಟಿ ಮುಖ್ಯ ಶಿಕ್ಷಕರ ಬಳಿ ಇರಲಿ. ಪಟ್ಟಿಯಲ್ಲಿಲ್ಲದವರು ಬಂದರೆ ಅವರನ್ನು ಕಚೇರಿಯಲ್ಲಿ ಕೂರಿಸಿ, ಮಗು ತರಗತಿಯಲ್ಲೇ ಇರುವಾಗ ಸುಪರ್ದಿ ಇರುವ ಪೋಷಕರಿಗೆ ಫೋನ್ ಮಾಡಬೇಕು. ‘ಯಾರ ಜೊತೆ ಹೋಗ್ತೀಯಾ?’ ಎಂದು ಮಗುವನ್ನು ಕೇಳಲೇಬಾರದು. ಉತ್ತರ ಏನೇ ಆದರೂ ಒಬ್ಬರಿಗೆ ದ್ರೋಹ ಮಾಡಿದೆನೆಂಬ ಭಾವ ಮಗುವಿನಲ್ಲಿ ಉಳಿಯುತ್ತದೆ. ‘ಅಪ್ಪನಿಗೆ ಹೇಳು, ಫೀಸು ಕಟ್ಟಲಿ’ ಎಂಬಂಥ ಸುದ್ದಿಯನ್ನೂ ಮಗುವಿನ ಕೈಲಿ ಕಳಿಸಬಾರದು. ಅಜ್ಜಿಯಂದಿರಿಗೂ ಇದನ್ನೇ ವಿನಯದಿಂದ ತಿಳಿಸಬೇಕು: ‘ಅಮ್ಮ, ಶಾಲೇಲಿ ಮಗೂನ ಮನೆ ವಿಷಯ ಕೇಳ್ಬೇಡಿ.’ ಮಗುವಿಗೆ ಹಿಂಸೆಯಾಗುತ್ತಿದೆ ಎಂಬ ಸುಳಿವು ಸಿಕ್ಕರೆ ಮುಖ್ಯ ಶಿಕ್ಷಕರಿಗೆ ತಿಳಿಸುವುದರ ಜೊತೆಗೆ ಮಕ್ಕಳ ಸಹಾಯವಾಣಿ 1098 ಇದೆ.

ಮೌಲ್ಯಮಾಪನ

ಸಂಬಂಧಸೂಚಕ ಪದಗಳನ್ನು ಮಗು ಸರಿಯಾಗಿ ಬಳಸುತ್ತದೆಯೇ, ಮನೆಯ ಕೆಲಸಗಳನ್ನು ಪಟ್ಟಿ ಮಾಡಬಲ್ಲುದೇ ಎಂಬುದನ್ನಷ್ಟೇ ಅಳೆಯಿರಿ. ಕುಟುಂಬದಲ್ಲಿ ಎಷ್ಟು ಜನರನ್ನು ಬರೆದಿದೆ ಎಂಬುದಕ್ಕೆ ಅಂಕವಿಲ್ಲ.

ಚರ್ಚೆಗೆ

1. ಪ್ರಕರಣದ ಹುಡುಗಿ ಎರಡು ದಿನ ಬಿಟ್ಟು ಖಾಲಿ ಹಾಳೆಯೊಡನೆ ಬಂದಿದ್ದಾಳೆ. ನಿಮ್ಮ ಮೊದಲ ಮಾತೇನು?

2. ಪೋಷಕರ ಸಭೆಗೆ ತಂದೆ ತಾಯಿ ಇಬ್ಬರೂ ಒಂದೇ ಹೊತ್ತಿಗೆ ಬಂದರೆ ಸಭೆಯನ್ನು ಹೇಗೆ ನಡೆಸುವಿರಿ?

3. ನೀವು ಬೋಧನಾಭ್ಯಾಸ ಮಾಡುತ್ತಿರುವ ಶಾಲೆಯ ಅರ್ಜಿ, ಡೈರಿ, ಆಹ್ವಾನಪತ್ರಗಳಲ್ಲಿ ‘ತಂದೆಯ ಸಹಿ’ ಎಂದೇ ಇರುವ ಕಡೆಗಳನ್ನು ಗುರುತಿಸಿ, ಬದಲಿ ಪದ ಸೂಚಿಸಿ.